ಹಿಟ್ಲರನ ಸೇನೆಯನ್ನು ಸೋಲಿಸಿದ್ದು ಚಳಿಯಲ್ಲ

ಎರಡನೇ ಮಹಾಯುದ್ಧದ ಮಾತು ಬಂದಾಗಲೆಲ್ಲ ನಮ್ಮಲ್ಲಿ ತಟ್ಟನೆ ಕೇಳಿಬರುವ ತೀರ್ಪೊಂದಿದೆ: ನೆಪೋಲಿಯನ್ ಮಾಡಿದ ತಪ್ಪನ್ನೇ ಹಿಟ್ಲರನೂ ಮಾಡಿದ, ರಷ್ಯಾದ ಚಳಿ ಇಬ್ಬರನ್ನೂ ನುಂಗಿತು. ಇದನ್ನು ನೆನಪಿಡುವುದು ಸುಲಭ, ಹೇಳುವುದು ಇನ್ನೂ ಸುಲಭ. ಆದರೆ ದಾಖಲೆಗಳ ಮುಂದೆ ಇದು ನಿಲ್ಲುವುದಿಲ್ಲ. 1941ರ ಜೂನ್‌ನಿಂದ 1945ರ ಮೇವರೆಗೆ ಜರ್ಮನ್ ಮತ್ತು ಸೋವಿಯತ್ ಸೇನೆಗಳ ನಡುವೆ ನಡೆದದ್ದು ಮನುಷ್ಯ ಕಂಡ ಅತಿ ದೊಡ್ಡ ನೆಲಯುದ್ಧ. ಸೋವಿಯತ್ ಒಕ್ಕೂಟವೊಂದರಲ್ಲೇ ಸುಮಾರು 2.66 ಕೋಟಿ ಜನ ಸತ್ತರು, ಅವರಲ್ಲಿ ಸೈನಿಕರಿಗಿಂತ ನಾಗರಿಕರೇ ಹೆಚ್ಚು. ಅಂಥ ಯುದ್ಧದ ಸೋಲು ಗೆಲುವನ್ನು ಪಾದರಸದ ಏರಿಳಿತಕ್ಕೆ ಒಪ್ಪಿಸಿಬಿಟ್ಟರೆ ಹೋರಾಡಿದವರು ಮರೆಯಾಗುತ್ತಾರೆ, ಕೊಂದವರು ಹೊಣೆಯಿಂದ ನುಣುಚಿಕೊಳ್ಳುತ್ತಾರೆ. ಚಳಿಯ ಕಥೆಯನ್ನು ನಾವು ಕೈಬಿಡಬೇಕು ಎಂದು ನಾನು ಹೇಳುವುದು ಮುಖ್ಯವಾಗಿ ಈ ಎರಡನೆಯ ಕಾರಣಕ್ಕೆ.

ಮೊದಲು ದಿನಾಂಕಗಳನ್ನು ನೋಡೋಣ. 1940ರ ಡಿಸೆಂಬರ್ 18ರಂದು ಹಿಟ್ಲರ್ ಹೊರಡಿಸಿದ 21ನೇ ನಿರ್ದೇಶನದಲ್ಲಿ ಬಾರ್ಬರೋಸಾ ಕಾರ್ಯಾಚರಣೆಯ ತಿರುಳಿದೆ. ಕೆಂಪು ಸೇನೆ ವಿಶಾಲ ದೇಶದ ಒಳಕ್ಕೆ ಸರಿದುಹೋಗುವ ಮೊದಲೇ ಪಶ್ಚಿಮ ಭಾಗದಲ್ಲಿ ಅದನ್ನು ಸುತ್ತುವರಿದು ಮುಗಿಸಿಬಿಡಬೇಕು, ಅಷ್ಟಾದರೆ ರಾಜ್ಯವೇ ಕುಸಿಯುತ್ತದೆ ಎಂಬುದು ಲೆಕ್ಕಾಚಾರ. 1941ರ ಜೂನ್ 22ರಂದು 30 ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರು ಲೆನಿನ್‌ಗ್ರಾಡ್, ಮಾಸ್ಕೋ ಮತ್ತು ಕೀವ್ ದಿಕ್ಕುಗಳಲ್ಲಿ ಗಡಿ ದಾಟಿದರು. ಮೊದಲ ವಾರಗಳ ಯಶಸ್ಸು ಬೆರಗು ಹುಟ್ಟಿಸುವಂಥದ್ದು. ಮಿನ್ಸ್ಕ್ ಬಿತ್ತು, ಲಕ್ಷಗಟ್ಟಲೆ ಸೈನಿಕರು ಸೆರೆಯಾದರು. ಜುಲೈ 3ರಂದು ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಫ್ರಾಂಟ್ಸ್ ಹಾಲ್ಡರ್ ತನ್ನ ದಿನಚರಿಯಲ್ಲಿ, ಈ ಯುದ್ಧವನ್ನು ಎರಡು ವಾರಗಳಲ್ಲೇ ಗೆದ್ದೆವು ಎಂಬರ್ಥದ ಮಾತು ಬರೆದ. ಅದೇ ಹಾಲ್ಡರ್ ಆಗಸ್ಟ್ 11ರಂದು ಬರೆದದ್ದು ಬೇರೆ: ಶತ್ರುವಿನ ಬಳಿ ಸುಮಾರು 200 ಡಿವಿಷನ್‌ಗಳಿವೆ ಎಂದುಕೊಂಡಿದ್ದೆವು, ಈಗಾಗಲೇ 360 ಎಣಿಸಿದ್ದೇವೆ. ಈ ಎರಡು ದಿನಾಂಕಗಳ ನಡುವೆ ಇದ್ದದ್ದು ಬರೀ ಬೇಸಿಗೆ. ಸ್ಮೋಲೆನ್ಸ್ಕ್ ಸುತ್ತ ಜುಲೈ 10ರಿಂದ ಎರಡು ತಿಂಗಳು ಕಾದಾಟ ನಡೆಯಿತು. ಸೆಪ್ಟೆಂಬರ್ ಆರಂಭದಲ್ಲಿ ಯೆಲ್ನ್ಯಾ ಎಂಬ ಪುಟ್ಟ ಪಟ್ಟಣವನ್ನು ಕೆಂಪು ಸೇನೆ ಮರಳಿ ಕಿತ್ತುಕೊಂಡಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಸತ್ತ, ಗಾಯಗೊಂಡ ಮತ್ತು ಕಾಣೆಯಾದ ಜರ್ಮನ್ ಸೈನಿಕರು ಸುಮಾರು 4 ಲಕ್ಷ. ಆ 4 ಲಕ್ಷದಲ್ಲಿ ಒಬ್ಬನೂ ಹಿಮಕ್ಕೆ ಬಲಿಯಾದವನಲ್ಲ. ನವೆಂಬರ್ ಕೊನೆಯ ಹೊತ್ತಿಗೆ, ಸೋವಿಯತ್ ಪ್ರತಿದಾಳಿ ಇನ್ನೂ ಶುರುವಾಗುವ ಮೊದಲು, ಆ ಸಂಖ್ಯೆ 7.4 ಲಕ್ಷ ಮುಟ್ಟಿತ್ತು. ನಾಲ್ಕರಲ್ಲಿ ಒಂದು ಪಾಲಿನಷ್ಟು ಸೇನೆ ಕರಗಿತ್ತು. ನೆಪೋಲಿಯನ್ನನ ಕಥೆಯೂ ಹೀಗೆಯೇ. 1812ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋ ತಲುಪುವ ಮೊದಲೇ ಅವನ ಮುಖ್ಯ ಪಡೆಯ ಅರ್ಧಕ್ಕಿಂತ ಹೆಚ್ಚು ಭಾಗ ಬಿಸಿಲು, ಹಸಿವು, ಟೈಫಸ್ ಮತ್ತು ಕಾಳಗಗಳಿಗೆ ಕರಗಿಹೋಗಿತ್ತು.

ಇನ್ನು ಸರಬರಾಜಿನ ವಿಷಯ. ಯುದ್ಧದ ಚರ್ಚೆಗಳಲ್ಲಿ ಇದಕ್ಕೆ ಸಿಗುವ ಗಮನ ಅತಿ ಕಡಿಮೆ, ಆದರೆ ಬಾರ್ಬರೋಸಾದ ಹಣೆಬರಹ ನಿರ್ಧಾರವಾದದ್ದು ಬಹುಮಟ್ಟಿಗೆ ಇಲ್ಲೇ. ಜರ್ಮನ್ ಸೇನೆಯ ಸರಬರಾಜು ಮುಖ್ಯಸ್ಥ ಎಡ್ವರ್ಡ್ ವಾಗ್ನರ್ ಯುದ್ಧಕ್ಕೆ ಮೊದಲೇ ತಿಳಿಸಿದ್ದ: ಗಡಿಯಿಂದ ಸುಮಾರು 500 ಕಿಲೋಮೀಟರ್‌ವರೆಗೆ ಮಾತ್ರ ಲಾರಿಗಳ ಬಲದಿಂದ ಸೇನೆಯನ್ನು ಪೋಷಿಸಬಹುದು, ಆಮೇಲೆ ರೈಲು ಬೇಕೇ ಬೇಕು. ಬ್ರೆಸ್ಟ್‌ನಿಂದ ಮಾಸ್ಕೋಗೆ ಸಾವಿರ ಕಿಲೋಮೀಟರ್. ಇಡೀ ಯೋಜನೆ ನಿಂತಿದ್ದದ್ದು, ಆ 500 ಕಿಲೋಮೀಟರ್ ಒಳಗೇ ಶತ್ರು ಮುಗಿದಿರುತ್ತಾನೆ ಎಂಬ ಊಹೆಯ ಮೇಲೆ. ಯಂತ್ರಸೇನೆ ಎಂದು ನಾವು ಕಲ್ಪಿಸಿಕೊಳ್ಳುವ ಆ ಪಡೆ 6 ಲಕ್ಷಕ್ಕೂ ಹೆಚ್ಚು ಕುದುರೆಗಳನ್ನು ಕಟ್ಟಿಕೊಂಡು ಹೊರಟಿತ್ತು. ಕಾಲಾಳುಗಳ ಫಿರಂಗಿಗಳನ್ನು ಎಳೆದದ್ದು ಹೆಚ್ಚಾಗಿ ಅವೇ. ರೈಲು ಹಳಿಗಳ ಅಗಲದಲ್ಲೂ ತೊಡಕಿತ್ತು. ಜರ್ಮನಿಯ ಗೇಜ್ 1,435 ಮಿಲಿಮೀಟರ್, ರಷ್ಯಾದ್ದು 1,524. ಮೂರೂವರೆ ಅಂಗುಲದ ಈ ವ್ಯತ್ಯಾಸದಿಂದ ಪ್ರತಿಯೊಂದು ಮಾರ್ಗವನ್ನೂ ಕಿತ್ತು ಹೊಸದಾಗಿ ಹೊಡೆಯಬೇಕಾಯಿತು, ಅಲ್ಲಿಯತನಕ ಸರಕನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಇಳಿಸಿ ಏರಿಸಬೇಕಾಯಿತು. ಮೀಟರ್ ಗೇಜ್ ಮತ್ತು ಬ್ರಾಡ್ ಗೇಜ್ ಸಂಧಿಸುವ ನಿಲ್ದಾಣಗಳಲ್ಲಿ ಎಷ್ಟು ಹೊತ್ತು, ಎಷ್ಟು ಶ್ರಮ ವ್ಯರ್ಥವಾಗುತ್ತಿತ್ತೆಂಬುದನ್ನು ಕರ್ನಾಟಕದ ಹಳೆಯ ರೈಲ್ವೆ ನೌಕರರು ಬಲ್ಲರು. ಹಳಿ ಬದಲಿಸಿದ ಮೇಲೂ ನೀರು, ಕಲ್ಲಿದ್ದಲು ತುಂಬಿಸುವ ರಷ್ಯನ್ ನಿಲ್ದಾಣಗಳು ಜರ್ಮನ್ ಎಂಜಿನ್‌ಗಳ ಶಕ್ತಿಗೆ ಮೀರಿದಷ್ಟು ದೂರದೂರದಲ್ಲಿದ್ದವು. ಉಣ್ಣೆಯ ಕೋಟುಗಳು ಪೋಲೆಂಡಿನ ಗೋದಾಮುಗಳಲ್ಲೇ ಕೊಳೆಯಲು ಇದು ಕಾರಣ. ಮುಂಚೂಣಿಗೆ ಬರುತ್ತಿದ್ದ ಕೆಲವೇ ರೈಲುಗಳಲ್ಲಿ ಮದ್ದುಗುಂಡು ಮತ್ತು ಇಂಧನವನ್ನು ತುಂಬಬೇಕೋ ಬಟ್ಟೆಯನ್ನೋ ಎಂಬ ಪ್ರಶ್ನೆಯಲ್ಲಿ ಸೇನಾಪತಿಗಳು ಬಟ್ಟೆಯನ್ನು ಬಿಟ್ಟರು. ಚಳಿಗಾಲಕ್ಕೆ ಸುಮಾರು 60 ಡಿವಿಷನ್‌ಗಳಿಗೆ ಮಾತ್ರ ತಯಾರಿ ಮಾಡಿಕೊಂಡಿದ್ದರು, ಏಕೆಂದರೆ ಅಷ್ಟರಲ್ಲಿ ಯುದ್ಧ ಮುಗಿದು ಕಾವಲು ಪಡೆಯಷ್ಟೇ ಅಲ್ಲಿ ಉಳಿಯುತ್ತದೆ ಎಂದು ನಂಬಿದ್ದರು. ಮಾಸ್ಕೋದಲ್ಲಿ ಡಿಸೆಂಬರ್‌ನಲ್ಲಿ ಹಿಮ ಬೀಳುತ್ತದೆಂಬುದು ಬರ್ಲಿನ್‌ಗೆ ತಿಳಿಯದ ಗುಟ್ಟಾಗಿರಲಿಲ್ಲ. ಸ್ಲಾವ್ ಜನ ಕೀಳು, ಅವರ ರಾಜ್ಯ ಒಂದು ಏಟಿಗೆ ಉದುರುತ್ತದೆ ಎಂಬ ಜನಾಂಗೀಯ ಅಹಂಕಾರವೇ ಆ ತಯಾರಿಯ ಕೊರತೆಯ ಮೂಲ.

ಮಾಸ್ಕೋ ಮೇಲಿನ ದಾಳಿ, ಅಂದರೆ ಟೈಫೂನ್ ಕಾರ್ಯಾಚರಣೆ, ಅಕ್ಟೋಬರ್ 2ರಂದು ಪೂರ್ಣ ಬಲದಿಂದ ಆರಂಭವಾಯಿತು. ವ್ಯಾಜ್ಮಾ ಮತ್ತು ಬ್ರ್ಯಾನ್ಸ್ಕ್‌ಗಳಲ್ಲಿ ಸೋವಿಯತ್ ಸೇನೆಗಳು ಮತ್ತೆ ಸುತ್ತುವರಿಯಲ್ಪಟ್ಟವು. ಆಮೇಲೆ ಮಳೆ, ಕೆಸರು. ನವೆಂಬರ್ ಮಧ್ಯದಲ್ಲಿ ನೆಲ ಹೆಪ್ಪುಗಟ್ಟಿದಾಗ ಅದನ್ನು ಸ್ವಾಗತಿಸಿದವರು ಜರ್ಮನ್ ಸೇನಾಪತಿಗಳೇ, ಏಕೆಂದರೆ ಗಟ್ಟಿ ನೆಲದ ಮೇಲೆ ಟ್ಯಾಂಕುಗಳು ಮತ್ತೆ ಓಡಬಲ್ಲವು. ಅವರ ಕೊನೆಯ ಮುನ್ನಡೆ ನಡೆದದ್ದು ಆ ಹೆಪ್ಪಿನ ಮೇಲೆಯೇ. ಡಿಸೆಂಬರ್ 5 ಮತ್ತು 6ರಂದು ಸೋವಿಯತ್ ಸೇನಾಪತಿಗಳಾದ ಕೊನೆವ್ ಮತ್ತು ಝುಕೋವ್ ಅವರ ಪಡೆಗಳು ಪ್ರತಿದಾಳಿಗೆ ಇಳಿದಾಗ ಜರ್ಮನರ ಬಳಿ ಮೀಸಲು ಪಡೆಯೇ ಇರಲಿಲ್ಲ. ಸೋವಿಯತ್ ಕಡೆಯಲ್ಲಿ ಹಿಂದಿನ ಸಾಲುಗಳಲ್ಲಿ ಹೊಸ ಸೇನೆಗಳು ಸಿದ್ಧವಾಗಿದ್ದವು. ಇವು ಆಕಾಶದಿಂದ ಉದುರಿದ್ದಲ್ಲ. ದಾಳಿ ಆರಂಭವಾದ ಎರಡೇ ದಿನಕ್ಕೆ, ಜೂನ್ 24ರಂದು, ಸ್ಥಳಾಂತರ ಮಂಡಳಿ ರಚನೆಯಾಗಿತ್ತು. ವರ್ಷಾಂತ್ಯದೊಳಗೆ 1,500ಕ್ಕೂ ಹೆಚ್ಚು ದೊಡ್ಡ ಕಾರ್ಖಾನೆಗಳನ್ನು ಬಿಚ್ಚಿ ರೈಲಿಗೇರಿಸಿ ಉರಲ್, ವೋಲ್ಗಾ, ಸೈಬೀರಿಯಾ, ಮಧ್ಯ ಏಷ್ಯಾಗಳಿಗೆ ಸಾಗಿಸಲಾಯಿತು. ಖಾರ್ಕಿವ್‌ನ ಟ್ಯಾಂಕ್ ಕಾರ್ಖಾನೆ ನಿಜ್ನಿ ತಗಿಲ್‌ಗೆ ಹೋಯಿತು, ಲೆನಿನ್‌ಗ್ರಾಡ್‌ನ ಕಿರೋವ್ ಕಾರ್ಖಾನೆಯ ಯಂತ್ರಗಳು ಚೆಲ್ಯಾಬಿನ್ಸ್ಕ್ ಸೇರಿದವು. ಚಳಿ ಆ ಕೆಲಸಗಾರರನ್ನೂ ಬಿಡಲಿಲ್ಲ. ಮೇಲ್ಛಾವಣಿ ಏಳುವ ಮೊದಲೇ ಅವರು ಯಂತ್ರಗಳನ್ನು ಚಾಲೂ ಮಾಡಿದರು.

ಚಳಿಗೆ ಪಕ್ಷಪಾತವಿಲ್ಲವೆಂಬುದಕ್ಕೆ ಸೋವಿಯತ್ ಸೇನೆಯ ಸೋಲುಗಳೇ ಸಾಕ್ಷಿ. 1940ರ ಜನವರಿಯಲ್ಲಿ ಫಿನ್ಲೆಂಡ್‌ನ ಸುವೊಮುಸ್ಸಲ್ಮಿ ಬಳಿಯ ರಾಟೆ ರಸ್ತೆಯಲ್ಲಿ ಸೋವಿಯತ್ 44ನೇ ಡಿವಿಷನ್ ಹಿಮದಲ್ಲಿ ತುಂಡುತುಂಡಾಗಿ ನಾಶವಾಯಿತು. ಚಳಿಯೇ ರಷ್ಯಾದ ಸೇನಾಪತಿ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? 1942ರ ಜನವರಿಯಲ್ಲಿ, ಮಾಸ್ಕೋ ಗೆಲುವಿನ ಉಬ್ಬಿನಲ್ಲಿ, ಸ್ಟಾಲಿನ್ ಇಡೀ ರಣರಂಗದುದ್ದಕ್ಕೂ ದಾಳಿಗೆ ಆಜ್ಞೆ ಕೊಟ್ಟ. ಅದೇ ಚಳಿ, ಅದೇ ಹಿಮ. ಆದರೆ ದಾಳಿ ಗುರಿ ಮುಟ್ಟದೆ ನಿಂತುಹೋಯಿತು. ವ್ಯಾಜ್ಮಾ ಬಳಿ ಸಿಕ್ಕಿಬಿದ್ದ 33ನೇ ಸೇನೆಯ ದಂಡನಾಯಕ ಯೆಫ್ರೆಮೊವ್ ಏಪ್ರಿಲ್‌ನಲ್ಲಿ ತನ್ನ ಪ್ರಾಣ ತಾನೇ ತೆಗೆದುಕೊಂಡ. ರ್ಜೇವ್ ಪಟ್ಟಣ 1943ರ ಮಾರ್ಚ್‌ವರೆಗೂ ಜರ್ಮನರ ಕೈಯಲ್ಲೇ ಉಳಿಯಿತು.

ಸ್ಟಾಲಿನ್‌ಗ್ರಾಡ್‌ನ ಚಿತ್ರ ನಮ್ಮ ಕಣ್ಣಿಗೆ ಹಿಮದಲ್ಲೇ ಬರುತ್ತದೆ. ಆದರೆ ಅಲ್ಲಿ ಜರ್ಮನ್ ಸೇನಾಪತಿ ಪೌಲಸ್‌ನ 6ನೇ ಸೇನೆಯನ್ನು ಬಲೆಗೆ ಬೀಳಿಸಿದ್ದು 1942ರ ನವೆಂಬರ್ 19 ಮತ್ತು 20ರಂದು ಅದರ ಎರಡೂ ಮಗ್ಗುಲುಗಳಲ್ಲಿದ್ದ, ಆಯುಧಬಲ ಕಡಿಮೆಯಿದ್ದ ರೊಮೇನಿಯನ್ ಸೇನೆಗಳ ಮೇಲೆ ನಡೆದ ಲೆಕ್ಕ ಹಾಕಿದ ಹೊಡೆತ. ನಾಲ್ಕು ದಿನಗಳಲ್ಲಿ ಎರಡು ಇಕ್ಕಳಗಳೂ ಕಲಾಚ್ ಬಳಿ ಕೂಡಿದವು. ಸಿಕ್ಕಿಬಿದ್ದವರಿಗೆ ವಿಮಾನದಲ್ಲಿ ದಿನಕ್ಕೆ ಕನಿಷ್ಠ 300 ಟನ್ ಸರಕು ಬೇಕಿತ್ತು, ತಲುಪಿದ್ದು ಸರಾಸರಿ ಸುಮಾರು 100 ಟನ್. ಮರುವರ್ಷ ಕುರ್ಸ್ಕ್‌ನಲ್ಲಿ ನೆಪ ಹೇಳಲು ಚಳಿಯೂ ಇರಲಿಲ್ಲ. 1943ರ ಜುಲೈ 5ರಂದು, ನಡುಬೇಸಿಗೆಯಲ್ಲಿ, ಜರ್ಮನರು ತಾವೇ ಆರಿಸಿಕೊಂಡ ಸಮಯಕ್ಕೆ, ತಾವೇ ಆರಿಸಿಕೊಂಡ ಜಾಗದಲ್ಲಿ, ಹೊಸ ಟ್ಯಾಂಕುಗಳೊಂದಿಗೆ ಮೇಲೆ ಬಿದ್ದರು. ಎರಡು ವಾರದೊಳಗೆ ದಾಳಿ ನಿಂತಿತು, ಆಗಸ್ಟ್ 23ಕ್ಕೆ ಖಾರ್ಕಿವ್ ಕೂಡ ಅವರ ಕೈ ಬಿಟ್ಟಿತು.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ 1944ರ ಬಗ್ರಾತಿಯೋನ್ ಕಾರ್ಯಾಚರಣೆ. ಜೂನ್ 6ರ ನಾರ್ಮಂಡಿ ಇಳಿತವನ್ನು ಸಿನಿಮಾಗಳ ಮೂಲಕವಾದರೂ ನಾವೆಲ್ಲ ಬಲ್ಲೆವು. ಅದಾದ ಎರಡೂವರೆ ವಾರಕ್ಕೆ, ಬೆಲರೂಸ್‌ನ ಕಾಡು ಮತ್ತು ಜೌಗು ನೆಲದಲ್ಲಿ ಶುರುವಾದ ಈ ದಾಳಿಯ ಹೆಸರನ್ನೂ ಬಹಳ ಮಂದಿ ಕೇಳಿಲ್ಲ. ಜರ್ಮನಿಯ ಮಿಲಿಟರಿ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಸೋಲು ಇನ್ನೊಂದಿಲ್ಲ. ಮುಖ್ಯ ಹೊಡೆತ ಉಕ್ರೇನಿನ ಕಡೆಯಿಂದ ಬರುತ್ತದೆ ಎಂದು ಶತ್ರು ನಂಬುವಂತೆ ಸೋವಿಯತ್ ಮುಖ್ಯಾಲಯ ತಿಂಗಳುಗಟ್ಟಲೆ ಕಣ್ಕಟ್ಟು ನಡೆಸಿತು. ಜರ್ಮನ್ ಟ್ಯಾಂಕ್ ಡಿವಿಷನ್‌ಗಳು ದಕ್ಷಿಣಕ್ಕೆ ಸರಿದುಹೋದವು. ಜೂನ್ 19ರ ರಾತ್ರಿಯಿಂದ ಕಾಡಿನ ಗೆರಿಲ್ಲಾಗಳು ರೈಲು ಹಳಿಗಳನ್ನು ಸಾವಿರಾರು ಕಡೆ ಸಿಡಿಸಿದರು. ಜೂನ್ 23ರ ಬೆಳಿಗ್ಗೆ ಮುಖ್ಯ ದಾಳಿ ಆರಂಭವಾಯಿತು. ಬೊಬ್ರುಯ್ಸ್ಕ್ ದಿಕ್ಕಿನಲ್ಲಿ ಸೋವಿಯತ್ ಸೇನಾಪತಿ ರೊಕೊಸೊವ್ಸ್ಕಿಯ ಸೈನಿಕರು ಯಾರೂ ದಾಟಲಾಗದೆಂದು ಜರ್ಮನರು ಎಣಿಸಿದ್ದ ಜೌಗಿನ ಮೇಲೆ ಮರದ ದಿಮ್ಮಿಗಳ ದಾರಿ ಹಾಸಿ ಟ್ಯಾಂಕುಗಳನ್ನು ನಡೆಸಿದರು. ಒಂದೇ ಕಡೆಯಿಂದ ನುಗ್ಗಬೇಕೆಂಬ ಒತ್ತಾಯದ ನಡುವೆ ಎರಡು ಕಡೆಯಿಂದ ಹೊಡೆಯಬೇಕೆಂದು ತಾನು ಸ್ಟಾಲಿನ್ನನ ಎದುರೇ ಪಟ್ಟು ಹಿಡಿದದ್ದಾಗಿ ರೊಕೊಸೊವ್ಸ್ಕಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಇದೇ ಮನುಷ್ಯನನ್ನು 1937ರಲ್ಲಿ ಸ್ಟಾಲಿನ್ನನ ಪೊಲೀಸರು ಬಂಧಿಸಿದ್ದರು, 1940ರವರೆಗೆ ಸೆರೆಯಲ್ಲಿ ಇಟ್ಟಿದ್ದರು. ಜುಲೈ 3ಕ್ಕೆ ಮಿನ್ಸ್ಕ್ ಬಿಡುಗಡೆಯಾಯಿತು. ವಿತೆಬ್ಸ್ಕ್, ಓರ್ಷಾ, ಮೊಗಿಲೆವ್, ಬೊಬ್ರುಯ್ಸ್ಕ್‌ಗಳನ್ನು ಕೋಟೆಗಳೆಂದು ಘೋಷಿಸಿ ಕದಲಕೂಡದೆಂದು ಹಿಟ್ಲರ್ ಕೊಟ್ಟ ಆಜ್ಞೆ ಅಲ್ಲಿದ್ದ ಸೇನೆಗಳಿಗೆ ಮರಣಶಾಸನವಾಯಿತು. 28 ಡಿವಿಷನ್‌ಗಳು ನಾಶವಾದವು, ಸುಮಾರು 4 ಲಕ್ಷ ಜರ್ಮನ್ ಸೈನಿಕರು ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಜುಲೈ 17ರಂದು 57,000 ಸೆರೆಯಾಳುಗಳನ್ನು ಮಾಸ್ಕೋದ ಬೀದಿಗಳಲ್ಲಿ ನಡೆಸಲಾಯಿತು. ಸುಡುಬೇಸಿಗೆಯ ಈ ಸೋಲಿಗೆ ಯಾವ ಹಿಮವನ್ನು ದೂರುವುದು?

ಹಾಗಾದರೆ ಚಳಿಯ ಕಥೆ ಎಲ್ಲಿಂದ ಬಂತು? ಬಹುಮಟ್ಟಿಗೆ ಸೋತವರ ಲೇಖನಿಯಿಂದ. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ತನ್ನ ಇತಿಹಾಸ ವಿಭಾಗಕ್ಕಾಗಿ ಸೆರೆಸಿಕ್ಕ ಜರ್ಮನ್ ಅಧಿಕಾರಿಗಳಿಂದ ವರದಿಗಳನ್ನು ಬರೆಸಿತು. ಶೀತಲ ಸಮರ ಶುರುವಾಗಿತ್ತು, ಸೋವಿಯತ್ ಸೇನೆಯೊಂದಿಗೆ ಹೋರಾಡಿದ ಅನುಭವ ಯಾರಿಗಿದೆಯೋ ಅವರ ಮಾತಿಗೆ ಬೆಲೆಯಿತ್ತು. ಆ ಕೆಲಸದ ಮೇಲ್ವಿಚಾರಣೆ ಮಾಡಿದವನು ಹಾಲ್ಡರ್. ಅವನ ಸೇವೆಗೆ 1961ರಲ್ಲಿ ಅಮೆರಿಕ ಪ್ರಶಸ್ತಿಯನ್ನೂ ಕೊಟ್ಟಿತು. ಜರ್ಮನ್ ಸೇನಾಪತಿ ಗುಡೇರಿಯನ್‌ನ ಆತ್ಮಕಥೆ ಬಂತು, 1955ರಲ್ಲಿ ಇನ್ನೊಬ್ಬ ಸೇನಾಪತಿ ಮಾನ್‌ಸ್ಟೈನ್‌ನ 'ಕಳೆದುಹೋದ ವಿಜಯಗಳು' ಬಂತು. ಎಲ್ಲದರ ಸಾರ ಒಂದೇ: ಸೇನೆ ಸಮರ್ಥವಾಗಿತ್ತು, ಶುದ್ಧವಾಗಿತ್ತು, ಕೆಡಿಸಿದ್ದು ಹಿಟ್ಲರನ ಹಠ, ರಷ್ಯಾದ ಹವಾಮಾನ ಮತ್ತು ಲೆಕ್ಕವಿಲ್ಲದ ಜನಸಂಖ್ಯೆ. ಕುಣಿಯಲಾರದವರು ನೆಲ ಡೊಂಕು ಎಂದದ್ದಷ್ಟೇ ಆಗಿದ್ದರೆ ಇದನ್ನು ಮನ್ನಿಸಬಹುದಿತ್ತು. ಆದರೆ ಈ ಪುಸ್ತಕಗಳು ಮುಚ್ಚಿಟ್ಟದ್ದು ಬಹಳ. 1941ರ ನವೆಂಬರ್ 20ರಂದು ಯೆಹೂದ್ಯರ ವಿರುದ್ಧ ಕಠೋರ ಕ್ರಮವನ್ನು ಸೈನಿಕರು ಅರ್ಥ ಮಾಡಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದವನು ಇದೇ ಮಾನ್‌ಸ್ಟೈನ್. 1949ರಲ್ಲಿ ಬ್ರಿಟಿಷ್ ನ್ಯಾಯಾಲಯ ಅವನಿಗೆ 18 ವರ್ಷ ಶಿಕ್ಷೆ ವಿಧಿಸಿತು, 1953ರಲ್ಲಿ ಬಿಡುಗಡೆಯಾಗಿ ಬಂದು ಪುಸ್ತಕ ಬರೆದ. ಈ ಕಥೆಯನ್ನು ಮೊದಲು ಕಿತ್ತೆಸೆದವರಲ್ಲಿ ಜರ್ಮನ್ ಇತಿಹಾಸಕಾರರೇ ಮುಂದಿದ್ದರೆಂಬುದನ್ನು ಗೌರವದಿಂದ ಹೇಳಬೇಕು. ಫ್ರೈಬರ್ಗ್‌ನ ಸೇನಾ ಇತಿಹಾಸ ಕಚೇರಿ 1980ರ ದಶಕದಲ್ಲಿ ಹೊರತಂದ ಬೃಹತ್ ಸಂಪುಟ ಬಾರ್ಬರೋಸಾ ಯೋಜನೆಯ ಪೊಳ್ಳುತನವನ್ನೂ ಅದರೊಳಗಿನ ಕ್ರೌರ್ಯವನ್ನೂ ಒಟ್ಟಿಗೆ ಬಯಲಿಗಿಟ್ಟಿತು.

ಇದಕ್ಕೆ ಆಕ್ಷೇಪಗಳಿವೆ, ಅವುಗಳಲ್ಲಿ ಕೆಲವು ತೂಕದವು. ಚಳಿ ಏನೂ ಮಾಡಲಿಲ್ಲವೇ ಎಂದರೆ, ಮಾಡಿತು. 1941–42ರ ಚಳಿಗಾಲದಲ್ಲಿ ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರ ಕೈಕಾಲುಗಳು ಹಿಮಕ್ಕೆ ಕೊಳೆತವು, ರೈಲು ಎಂಜಿನ್‌ಗಳ ಕೊಳವೆಗಳು ಒಡೆದವು. ಆಗಲೇ ವಿಫಲವಾಗಿದ್ದ ಯೋಜನೆಯನ್ನು ಅದು ಇನ್ನಷ್ಟು ದುಬಾರಿ ಮಾಡಿತು. 1941ರ ಆಗಸ್ಟ್‌ನಲ್ಲಿ ಹಿಟ್ಲರ್ ಟ್ಯಾಂಕುಗಳನ್ನು ಕೀವ್ ಕಡೆಗೆ ತಿರುಗಿಸದೆ ನೇರ ಮಾಸ್ಕೋಗೆ ಬಿಟ್ಟಿದ್ದರೆ ಗೆಲುವು ಖಚಿತವಿತ್ತು ಎನ್ನುವವರಿದ್ದಾರೆ. ಕೀವ್ ಸುತ್ತ ಜರ್ಮನರ ಲೆಕ್ಕದಲ್ಲೇ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ಅಷ್ಟು ದೊಡ್ಡ ಸೇನೆಯನ್ನು ಬಲಮಗ್ಗುಲಲ್ಲಿ ಬಿಟ್ಟುಕೊಂಡು, ಇಂಧನವಿಲ್ಲದ ಟ್ಯಾಂಕುಗಳೊಂದಿಗೆ ಮಾಸ್ಕೋಗೆ ಹೋಗುವುದು ಹೇಗೆಂದು ಅವರು ಹೇಳುವುದಿಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ನೆರವಿನ ಮಾತು ನಿಜ. 4 ಲಕ್ಷಕ್ಕೂ ಹೆಚ್ಚು ಲಾರಿ, ಜೀಪುಗಳು, ಆಹಾರ, ವಿಮಾನದ ಇಂಧನ ಬಂದವು. ಬಗ್ರಾತಿಯೋನ್‌ನ ವೇಗಕ್ಕೆ ಆ ಚಕ್ರಗಳು ಬೇಕಿದ್ದವು. ಇರಾನಿನ ದಾರಿಯಲ್ಲಿ ಆ ಸರಕು ಸಾಗಿಸಿದವರಲ್ಲಿ ಭಾರತೀಯ ಸೇನೆಯ ಲಾರಿ ಚಾಲಕರೂ ಇದ್ದರು, ಈ ವಿಷಯ ನಮ್ಮಲ್ಲೇ ಎಷ್ಟೋ ಜನಕ್ಕೆ ತಿಳಿದಿಲ್ಲ. ಆದರೆ ನೆರವಿನ ಬಹುಪಾಲು ಬಂದದ್ದು 1943ರಿಂದ ಈಚೆಗೆ, ಮಾಸ್ಕೋ ಮತ್ತು ಸ್ಟಾಲಿನ್‌ಗ್ರಾಡ್ ನಿಂತ ಮೇಲೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಎಚ್ಚರ ಬೇಕು: ಇದು ಸ್ಟಾಲಿನ್ನನ ಹೊಗಳಿಕೆಯಾಗುವುದಿಲ್ಲವೇ, ಇಂದಿನ ಕ್ರೆಮ್ಲಿನ್ನಿನ ಹೆಮ್ಮೆಗೆ ದನಿಗೂಡಿಸಿದಂತಾಗುವುದಿಲ್ಲವೇ? ಒಂದು ಕಾಲದಲ್ಲಿ ಕರ್ನಾಟಕದ ಊರುಗಳಿಗೂ ಅಗ್ಗದ ಬೆಲೆಗೆ ಬರುತ್ತಿದ್ದ ಸೋವಿಯತ್ ಪುಸ್ತಕಗಳು 1939ರ ಹಿಟ್ಲರ್–ಸ್ಟಾಲಿನ್ ಒಪ್ಪಂದದ ರಹಸ್ಯ ಭಾಗವನ್ನಾಗಲೀ, ಕಾತಿನ್‌ನಲ್ಲಿ ಪೋಲಿಷ್ ಅಧಿಕಾರಿಗಳ ಕೊಲೆಯನ್ನಾಗಲೀ ಹೇಳುತ್ತಿರಲಿಲ್ಲ. ಶುದ್ಧೀಕರಣದ ಹೆಸರಿನಲ್ಲಿ ತನ್ನದೇ ಸೇನಾಧಿಕಾರಿಗಳನ್ನು ಕೊಂದವನು ಸ್ಟಾಲಿನ್. ಆಳಕ್ಕೆ ನುಗ್ಗುವ ದಾಳಿಯ ಸಿದ್ಧಾಂತ ಕಟ್ಟಿದ ತುಖಾಚೆವ್ಸ್ಕಿಯನ್ನು 1937ರಲ್ಲಿ ಗುಂಡಿಕ್ಕಿ ಸಾಯಿಸಲಾಯಿತು, ಏಳು ವರ್ಷಗಳ ನಂತರ ಬೆಲರೂಸ್‌ನಲ್ಲಿ ಗೆದ್ದದ್ದು ಆ ಸಿದ್ಧಾಂತವೇ. 1941ರಲ್ಲಿ ಜರ್ಮನ್ ದಾಳಿಯ ಬಗ್ಗೆ ಬಂದ ಎಚ್ಚರಿಕೆಗಳನ್ನು ಕಡೆಗಣಿಸಿದ್ದರಿಂದ ಸತ್ತವರ ಲೆಕ್ಕವೂ ಸ್ಟಾಲಿನ್ನನ ಖಾತೆಗೇ ಸೇರಬೇಕು. ಚಳಿಯ ಕಥೆ ಬಿದ್ದರೆ ಗೆಲುವು ಸ್ಟಾಲಿನ್ನನ ಕೈಗೆ ಹೋಗುವುದಿಲ್ಲ, ಹೋರಾಡಿದವರಿಗೆ ಹೋಗುತ್ತದೆ. ಅವರು ರಷ್ಯನ್ನರಷ್ಟೇ ಅಲ್ಲ. ಉಕ್ರೇನಿಯನ್ನರು, ಬೆಲರೂಸಿಯನ್ನರು, ಕಝಕರು, ಉಜ್ಬೆಕರು, ಜಾರ್ಜಿಯನ್ನರು, ಯೆಹೂದ್ಯರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರನ್ನು ಕಳೆದುಕೊಂಡ ನಾಡು ಬೆಲರೂಸ್. ಈ ನೆನಪನ್ನು ಒಂದೇ ರಾಜ್ಯ ತನ್ನ ಸ್ವತ್ತು ಮಾಡಿಕೊಂಡು 2022ರಲ್ಲಿ ಉಕ್ರೇನಿನ ಮೇಲಿನ ದಾಳಿಗೆ ಬಳಸಿದ್ದು ಆ ಸತ್ತವರಿಗೆ ಮಾಡಿದ ಅನ್ಯಾಯ.

1941–42ರ ಚಳಿಗಾಲ ನಿಜಕ್ಕೂ ರಾಶಿರಾಶಿಯಾಗಿ ಕೊಂದದ್ದು ಜರ್ಮನರ ಕೈಗೆ ಸಿಕ್ಕ ಸೋವಿಯತ್ ಯುದ್ಧಕೈದಿಗಳನ್ನು. ಯುದ್ಧವಿಡೀ ಸೆರೆಸಿಕ್ಕ ಸುಮಾರು 57 ಲಕ್ಷ ಜನರಲ್ಲಿ 33 ಲಕ್ಷದಷ್ಟು ಮಂದಿ ಸತ್ತರು, ಸುಮಾರು 20 ಲಕ್ಷ ಮಂದಿ 1942ರ ಫೆಬ್ರವರಿಯೊಳಗೇ. ಮುಳ್ಳುತಂತಿ ಬಿಗಿದ ಬಯಲೇ ಅವರ ಶಿಬಿರ. ಕೋಟು, ಬೂಟುಗಳನ್ನು ಕಸಿದುಕೊಳ್ಳಲಾಗಿತ್ತು, ನೆಲ ಬಗೆದು ಗುಂಡಿಗಳಲ್ಲಿ ಮಲಗುತ್ತಿದ್ದರು, ಹುಲ್ಲು ಮತ್ತು ಮರದ ತೊಗಟೆ ತಿನ್ನುತ್ತಿದ್ದರು. ಅನ್ನವಿಲ್ಲದ ಮೈಗೆ ಚಳಿ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಇದು ಯುದ್ಧದ ಗಡಿಬಿಡಿಯಲ್ಲಿ ಆದ ಅನಾಹುತವಲ್ಲ. ದಾಳಿಗೆ ಏಳು ವಾರ ಮೊದಲು, 1941ರ ಮೇ 2ರಂದು, ಬರ್ಲಿನ್‌ನಲ್ಲಿ ಸೇರಿದ ಅಧಿಕಾರಿಗಳು ಸೇನೆಗೆ ಬೇಕಾದ ಧಾನ್ಯವನ್ನು ಆ ನೆಲದಿಂದಲೇ ಕಿತ್ತುಕೊಳ್ಳಬೇಕು, ಅದರಿಂದ ಅಲ್ಲಿನ ಕೋಟ್ಯಂತರ ಜನ ಉಪವಾಸ ಸಾಯುತ್ತಾರೆ ಎಂದು ಲೆಕ್ಕ ಹಾಕಿಯೇ ಒಪ್ಪಿದ್ದರು. ನವೆಂಬರ್ 13ರಂದು ಓರ್ಷಾದಲ್ಲಿ, ಮಾಸ್ಕೋ ಮೇಲಿನ ಕೊನೆಯ ದಾಳಿಯನ್ನು ಚರ್ಚಿಸಲು ಸೇನೆಗಳ ಮುಖ್ಯಾಧಿಕಾರಿಗಳು ಸೇರಿದ್ದಾಗ, ಸೆರೆಯಾಳುಗಳ ಆಹಾರದ ಪ್ರಶ್ನೆ ಎದ್ದಿತು. ಕೆಲಸ ಮಾಡದ ಕೈದಿಗಳು ಹಸಿವಿನಿಂದ ಸಾಯಬೇಕು ಎಂದು ಸರಬರಾಜು ಮುಖ್ಯಸ್ಥ ವಾಗ್ನರ್ ಅಲ್ಲಿ ತಿಳಿಸಿದ. ಆ ಸಭೆಯನ್ನು ಕರೆದವನು ಹಾಲ್ಡರ್.